ತುಂಬಿದ ಸಿಲಿಂಡರ್

ಬಸವನಿಗೆ ಕನ್ನಡ ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬಸವ ಅಂದರೆ ಯಂತ್ರ. ನಾಲ್ಕು ಕಾಲು, ಕರುವಿನಷ್ಟು ಎತ್ತರ, ಹೊಟ್ಟೆಯೊಳಗೆ ಎರಡು ಆಮ್ಲಜನಕದ ಸಿಲಿಂಡರ್, ಬೆನ್ನ ಮೇಲೆ ಮಡಚಿಟ್ಟ ಸ್ಟ್ರೆಚರ್, ಕತ್ತಿನ ಬಳಿ ಭಾರ ಎತ್ತುವ ಒಂದು ಉಕ್ಕಿನ ತೋಳು, ಅಪರೂಪಕ್ಕೆ ಮಾತಾಡುವ ಒಂದು ಸ್ಪೀಕರ್. ಸರ್ಕಾರಿ ಕಾಗದದಲ್ಲಿ ಅದಕ್ಕೆ ಒಂದು ಸಾಲು ಹಿಡಿಯುವಷ್ಟು ಉದ್ದದ ಹೆಸರಿತ್ತು. ಆದರೆ ಹೇಳಿದ್ದು ಅರ್ಥವಾದಾಗಲೆಲ್ಲ ಅದು ತಲೆ ಆಡಿಸುತ್ತಿತ್ತು. ತರಬೇತಿಗೆ ಬಂದವರಿಗೆ ಅಷ್ಟು ಸಾಕಾಯಿತು. ಕೋಲೆ ಬಸವ ಎಂದು ಮೊದಲ ದಿನವೇ ನಾಮಕರಣ ಮುಗಿಸಿಬಿಟ್ಟರು.

ವಿಷಾನಿಲ ಸೋರುವ ಕಾರ್ಖಾನೆ, ಗುಂಡು ಹಾರುವ ಬೀದಿ, ಕುಸಿಯುತ್ತಿರುವ ಕಟ್ಟಡ, ಇಂಥ ಕಡೆ ಗಾಯಾಳುವಿನ ಪಕ್ಕ ಕೂತವರಿಗೆ ಎರಡು ಕೈಗೂ ಕೆಲಸವಿರುತ್ತದೆ. ಗುಂಡಿ ಒತ್ತಲು ದೇವರು ಮೂರನೆಯ ಕೈ ಕೊಟ್ಟಿಲ್ಲ. ಬಿಡುವಾಗಿರುವುದು ಬಾಯಿ ಮಾತ್ರ. ಹಾಗಾಗಿ ಬಾಯಿಮಾತೇ ಬಸವನ ಮೂಗುದಾರ. ಅದೂ ಪಕ್ಕದಲ್ಲಿರುವವರ ಮಾತು. ಹೊರಗೆ ನೆರಳಲ್ಲಿ ಕೂತು ಯಾರಾದರೂ ಅಪ್ಪಣೆ ಕೊಟ್ಟರೆ ಅದು ಕೇಳುತ್ತಿರಲಿಲ್ಲ. ಕಟ್ಟಿದ ಇಂಜಿನಿಯರ್ ಇಫ್ಫತ್ ಬೇಕೆಂದೇ ಹಾಗೆ ಮಾಡಿದ್ದಳು. ಗಾಬರಿಯಲ್ಲಿ ಯಾರೂ ಕಿತ್ತೆಳೆಯಬಾರದೆಂದು ಸಿಲಿಂಡರ್‌ಗಳಿಗೆ ಹೊಟ್ಟೆಯೊಳಗೇ ಬೀಗ. ಒತ್ತಡ ಅಳೆಯುವ ಮುಳ್ಳೇನೋ ಇತ್ತು. ಆದರೆ ಕೊಳವೆ ಎಲ್ಲಿ ಸೋರುತ್ತಿದೆ, ಉಸಿರು ನಿಜವಾಗಿ ಮೂಗಿಗೆ ತಲುಪುತ್ತಿದೆಯೇ ಎಂಬುದು ಗಾಯಾಳುವಿನ ಮುಖ ನೋಡುತ್ತಿರುವವರಿಗೇ ತಿಳಿಯುವುದು. ಸಿಲಿಂಡರ್ ಖಾಲಿ ಎಂದು ಅವರು ಹೇಳಿದರೆ ಬಸವ ಬದಲಾಯಿಸುತ್ತದೆ, ಬರೀ ಬದಲಾಯಿಸು ಎಂದರೆ ಸಾಲದು. ಹೇಳದಿದ್ದರೆ ಇಲ್ಲ.

ಜಯಶೀಲ ಹತ್ತು ವರ್ಷದಿಂದ ಆಂಬ್ಯುಲೆನ್ಸಿನಲ್ಲಿ ದುಡಿದವಳು. ರಸ್ತೆಯಲ್ಲಿ ಹೆರಿಗೆ ಮಾಡಿಸಿದ್ದಾಳೆ, ಬಾವಿಯಿಂದ ತೆಗೆದವರಿಗೆ ಉಸಿರು ಕೊಟ್ಟಿದ್ದಾಳೆ. ಹಿಂದಿನ ವರ್ಷ ಊರಾಚೆಯ ಬಣ್ಣದ ಗೋದಾಮಿಗೆ ಬೆಂಕಿ ಬಿದ್ದಾಗ ನಿಯಮದಂತೆ ಅವಳ ಗಾಡಿ ಗೇಟಿನ ಹೊರಗೆ ನಿಂತಿತ್ತು. ಒಳಗೆ ಯಾರೋ ಒಬ್ಬ ಕೂಗುತ್ತಿದ್ದ. ಇವಳ ಕೈಯಲ್ಲಿ ಮದ್ದಿನ ಚೀಲವಿತ್ತು, ಕಾಲಲ್ಲಿ ಶಕ್ತಿಯಿತ್ತು, ಒಳಗೆ ಹೋಗುವ ಅನುಮತಿ ಇರಲಿಲ್ಲ. ಕೂಗು ನಿಂತ ಮೇಲೆ ಅನುಮತಿ ಬಂತು. ಅಂದಿನಿಂದ ಅವಳಿಗೆ ಒಂದೇ ಹಟ: ಒಳಗೆ ಹೋಗುವವರ ಪಂಗಡಕ್ಕೆ ಸೇರಬೇಕು. ಅದಕ್ಕೆ ಮಂಡ್ಯದ ಆಚೆ, ಮುಚ್ಚಿದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಈ ತರಬೇತಿ ಪಾಸಾಗಬೇಕು.

ಮೊದಲ ಪರೀಕ್ಷೆಯ ದಿನ ಗಾಣದ ಮನೆಯಲ್ಲಿ ಒದ್ದೆ ಕಬ್ಬಿನ ಸಿಪ್ಪೆಗೆ ಬೆಂಕಿ ಹಾಕಿ ಕಣ್ಣು ಕಾಣದಷ್ಟು ಹೊಗೆ ಎಬ್ಬಿಸಿದ್ದರು. ಗುಂಡಿನ ಸದ್ದಿಗೆ ಪಟಾಕಿ ಸರ. ಗಾಯಾಳುವಿನ ಜಾಗದಲ್ಲಿ ಉಸಿರಾಡುವ ರಬ್ಬರ್ ಬೊಂಬೆ. ಜಯಶೀಲ ಒಂದು ಕೈಯಲ್ಲಿ ಬೊಂಬೆಯ ತೊಡೆಯ ಗಾಯ ಒತ್ತಿ ಹಿಡಿದಿದ್ದಳು, ಇನ್ನೊಂದರಲ್ಲಿ ಅದರ ಗದ್ದ ಎತ್ತಿದ್ದಳು. ಕೆನ್ನೆ ನೀಲಿಯಾಗತೊಡಗಿತು.

"ಬಸವಾ, ಸಿಲಿಂಡರ್ ತುಂಬೈತೆ ಕಣಪ್ಪ."

ಬಸವ ತಲೆ ಆಡಿಸಿತು. ತುಂಬಿದ ಮನೆಯವರಿಗೆ ಇನ್ನೇನು ಕೊಡುವುದು ಎಂಬಂತೆ ತಿರುಗಿ, ಎರಡನೆಯ ಸಿಲಿಂಡರನ್ನು ಪಕ್ಕದ ಬೊಂಬೆಗೆ ಕೊಡಲು ಹೊರಟುಹೋಯಿತು. ಜಯಶೀಲಳ ಬೊಂಬೆ ಕೊಂಚ ಹೊತ್ತಿಗೆಲ್ಲ ಸತ್ತಿತು.

ನಿಯಂತ್ರಣ ಕೊಠಡಿಯಲ್ಲಿ ಮೇಜರ್ ಬೆಳ್ಯಪ್ಪ ಆ ಮಾತನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಸೈನ್ಯದಲ್ಲಿ ವೈದ್ಯರಾಗಿದ್ದವರು, ಕೊಡಗಿನವರು. ಮೀಸೆಯಿಂದ ಬೂಟಿನ ತನಕ ಎಲ್ಲವೂ ನೆಟ್ಟಗೆ.

"ತುಂಬಿದೆ ಅಂದೆ ನೀನು."

"ಹೂಂ ಸಾರ್."

"ತುಂಬಿತ್ತಾ?"

"ತುಂಬಿರ್ಲಿಲ್ಲ ಸಾರ್. ತುಂಬಿತ್ತು ಅಷ್ಟೆ."

ಮೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾತು ಆಗಲೂ ಸ್ಪಷ್ಟವಾಗಲಿಲ್ಲ. ಕೊನೆಗೆ ಜೊತೆಯಲ್ಲೇ ತರಬೇತಿಯಲ್ಲಿದ್ದ ಸಿದ್ದಪ್ಪಾಜಿ ಗಂಟಲು ಸರಿಮಾಡಿಕೊಂಡ.

"ನಮ್ ಕಡೆ ಮನೇಲಿ ಅಕ್ಕಿ ಮುಗುದ್ರೆ ಇಲ್ಲ ಅನ್ನಲ್ಲ ಸಾರ್. ತುಂಬೈತೆ ಅಂತೀವಿ. ಇಲ್ಲ ಅಂದ್ರೆ ಇಲ್ದೇ ಹೋಗ್ಬುಟ್ರೆ?"

"ಅಕ್ಕಿಗೆ ಸರಿ ಮಾರಾಯ. ಆಮ್ಲಜನಕಕ್ಕೆ?"

"ಅಕ್ಕಿಗೇ ಅನ್ನದೋರು ಉಸುರಿಗೆ ಅಂತಾರಾ ಸಾರ್?"

ಇಫ್ಫತ್ ತಲೆಯ ಮೇಲೆ ಕೈಹೊತ್ತು ಕೂತಳು. ಬಸವನಿಗೆ ಅವಳು ಪುಸ್ತಕ ಓದಿಸಿದ್ದಳು, ಪತ್ರಿಕೆ ಓದಿಸಿದ್ದಳು, ಸರ್ಕಾರದ ಸುತ್ತೋಲೆಗಳನ್ನೆಲ್ಲ ಕುಡಿಸಿದ್ದಳು. ಅವುಗಳಲ್ಲಿ ಎಲ್ಲಿಯೂ ಖಾಲಿಯಾದದ್ದು ತುಂಬಿರಲಿಲ್ಲ.

"ಕ್ಲಾಸಿನಲ್ಲಿ ಕೇಳಿದ್ರೆ ಎಲ್ಲರೂ ಖಾಲಿ ಅಂತಲೇ ಹೇಳ್ತಾರೆ ಸರ್. ಭಯ ಆದಾಗ ಮನೆ ಮಾತು ಬಂದ್ಬಿಡುತ್ತೆ," ಅಂದಳು.

"ಹಾಗಾದ್ರೆ ಮನೆಯಲ್ಲೇ ತಿದ್ದಿಕೊಳ್ಳಲಿ," ಅಂದರು ಮೇಜರ್. "ಅಪಾಯದ ಜಾಗದಲ್ಲಿ ಒಂದು ಮಾತಿಗೆ ಒಂದೇ ಅರ್ಥ."

ಅವರನ್ನು ದೂರುವಂತಿರಲಿಲ್ಲ. ಮರುದಿನ ಸಿದ್ದಪ್ಪಾಜಿಯ ಸರದಿ. ಬಂದೂಕು ಹಿಡಿದವನೊಬ್ಬ ಕತ್ತಲಲ್ಲಿ ಹುಡುಕುತ್ತಿದ್ದಾನೆ ಎಂದು ಲೆಕ್ಕ, ಬಸವನ ಹಣೆಯ ದೀಪ ಆರಿಸಬೇಕಿತ್ತು. ದೀಪ ಆರಿಸು ಎನ್ನಲು ಸಿದ್ದಪ್ಪಾಜಿಯ ನಾಲಿಗೆ ಏಳಲಿಲ್ಲ. ಅವನ ಅವ್ವ ಹೇಳುತ್ತಿದ್ದಂತೆ, "ದೀಪ ದೊಡ್ಡದು ಮಾಡಪ್ಪ" ಎಂದು ಪಿಸುಗುಟ್ಟಿದ. ಬಸವ ತಲೆ ಆಡಿಸಿ ತನ್ನಲ್ಲಿದ್ದ ದೀಪವನ್ನೆಲ್ಲ ಒಮ್ಮೆಗೇ ಹೊತ್ತಿಸಿತು. ಗುಂಡಿನ ಬದಲಿಗೆ ಹಾರಿಸುತ್ತಿದ್ದ ಕೆಂಪು ನೀರಿನಲ್ಲಿ ಇಡೀ ತಂಡ ಓಕುಳಿಯಾಡಿದವರಂತೆ ಹೊರಗೆ ಬಂತು.

ಜಯಶೀಲ ಮನೆಯಲ್ಲಿ ಅಭ್ಯಾಸಕ್ಕೆ ಕೂತಳು. ಕೂತಳು ಅಂದರೆ ಮಾತಿಗೆ. ಕೂರಲು ಹೊತ್ತೆಲ್ಲಿ? ಸಾರಿಗೆ ಬೇಳೆ ಇಟ್ಟು, ಮಗಳು ಚುಕ್ಕಿಯ ಜಡೆ ಬಿಚ್ಚುತ್ತಾ, ಅಕ್ಕಿ ಡಬ್ಬಿಯೊಳಗೆ ಕೈಹಾಕಿದಳು. ಅತ್ತೆ ದೇವೀರಮ್ಮ ಒಲೆಯ ಮುಂದೆ ರಾಗಿ ಮುದ್ದೆಗೆ ಹಿಟ್ಟು ತೊಳಸುತ್ತಿದ್ದರು.

"ಅತ್ತೆ, ಅಕ್ಕಿ ಖಾಲಿ."

ಹಿಟ್ಟಿನ ಕೋಲು ನಿಂತಿತು.

"ಏನಂದೆ?"

"ಖಾಲಿ. ಇಲ್ಲ. ಮುಗೀತು."

"ಒಂದ್ ಸತಿ ಸಾಲ್ದು ಅಂತ ಮೂರ್ ಸತಿ ಅಂತೀಯಲ್ಲವ್ವ, ದೀಪ ಹಚ್ಚೋ ಹೊತ್ನಲ್ಲಿ. ಬಿಡ್ತು ಅನ್ನು."

"ಅಭ್ಯಾಸ ಮಾಡ್ತಿವ್ನಿ ಅತ್ತೆ. ನಮ್ ಮೇಜರ್ ಹೇಳವ್ರೆ."

"ಅವ್ರ ಮನೆ ಅಕ್ಕಿಗೆ ಅವ್ರು ಏನಾರ ಅನ್ಕೊಳ್ಳಿ. ನಮ್ ಮನೆ ಅಕ್ಕಿ ತಂಟೆ ಅವ್ರಿಗ್ಯಾಕೆ? ಮೊದ್ಲು ಬಿಡ್ತು ಅನ್ನು."

"ಬಿಡ್ತು."

"ಹಾಂ. ಈಗ ಹೇಳು, ಏನಾಗೈತೆ ಅಕ್ಕಿಗೆ?"

"ತುಂಬೈತೆ."

"ಹಂಗನ್ನು. ಬೋರೇಶಾ, ಅಂಗಡಿಗೋಗಿ ಅಕ್ಕಿ ತತ್ತಾ."

ಬೋರೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಚೀಲ ಹುಡುಕುತ್ತಾ ಹೆಂಡತಿಯ ಪರ ಒಂದು ಮಾತಾಡೋಣವೆಂದು, "ಅವ್ವಾ, ನಾವು ಬ್ರೇಕ್ ಇಲ್ದಿದ್ರೆ ಇಲ್ಲ ಅಂತ್ಲೇ ಬರೆಯೋದು. ಬ್ರೇಕ್ ತುಂಬೈತೆ ಅಂತ ಬರುದ್ರೆ ಡ್ರೈವರ್ ಸತ್ತ," ಅಂದ.

"ನೀನೂ ಬಿಡ್ತು ಅನ್ನು," ಅಂದರು ದೇವೀರಮ್ಮ.

ಹಾಗೆ ಆ ವಾರವೆಲ್ಲ ಅಭ್ಯಾಸ ನಡೆಯಿತು. ಬಟ್ಟೆ ಹಿಂಡುತ್ತಾ ಜಯಶೀಲ ಖಾಲಿ ಅನ್ನುವಳು, ಹಿತ್ತಿಲಿಂದ ಬಿಡ್ತು ಅನ್ನು ಎಂದು ಕೇಳುವುದು. ತರಕಾರಿ ಹೆಚ್ಚುತ್ತಾ ಖಾಲಿ ಅನ್ನುವಳು, ನಡುಮನೆಯಿಂದ ಬಿಡ್ತು ಅನ್ನು ಎಂದು ಕೇಳುವುದು. ವಾರ ಮುಗಿಯುವ ಹೊತ್ತಿಗೆ ಖಾಲಿ ಎಂಬ ಮಾತು ಅವಳ ಬಾಯಲ್ಲಿ ಸರಾಗವಾಗಿ ಹರಿಯತೊಡಗಿತು, ಬಾಲದ ಸಮೇತ.

ಎರಡನೆಯ ಪರೀಕ್ಷೆ. ಗಾಣದ ಮನೆಯ ಕಬ್ಬಿಣದ ಮೆಟ್ಟಿಲಿನ ತುದಿಯಲ್ಲಿ ಬಸವ ಬೊಂಬೆಯನ್ನು ತೋಳಿನಲ್ಲಿ ಎತ್ತಿ ಹಿಡಿದಿತ್ತು. ಕೆಳಗೆ ಮೇಜರ್ ನಿಂತು ನೋಡುತ್ತಿದ್ದರು. ಹೊಗೆ, ಪಟಾಕಿ, ನೀಲಿ ಕೆನ್ನೆ.

"ಬಸವ, ಸಿಲಿಂಡರ್ ಖಾಲಿ."

ಅಚ್ಚುಕಟ್ಟಾದ ಮಾತು. ನಿಯಂತ್ರಣ ಕೊಠಡಿಯಲ್ಲಿ ಇಫ್ಫತ್ ಚಪ್ಪಾಳೆ ತಟ್ಟಲು ಕೈ ಎತ್ತಿದಳು.

"ಬಿಡ್ತು," ಅಂದಳು ಜಯಶೀಲ.

ಬಸವ ತಲೆ ಆಡಿಸಿ ಬಿಟ್ಟಿತು. ಬೊಂಬೆ ಒಂದು ಮೆಟ್ಟಿಲೂ ತಪ್ಪದಂತೆ ಎಲ್ಲದರ ಮೇಲೂ ಉರುಳಿ, ಮೇಜರ್ ಕಾಲಬುಡಕ್ಕೆ ಬಂದು, ವರ ಬೇಡುವ ಭಕ್ತನ ಹಾಗೆ ಅವರ ಬೂಟಿಗೆ ಹಣೆಯಿಟ್ಟು ಮಲಗಿತು.

ಮೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸೋಮವಾರ ಇನ್ನೊಂದು ಅವಕಾಶ ಕೊಡ್ತೀನಿ. ಅದೇ ಕೊನೆ," ಅಂದರು. "ನೀನು ಒಳ್ಳೆಯ ಕೆಲಸಗಾರ್ತಿ ಜಯಶೀಲ. ಆದ್ರೆ ಒಳಗೆ ಹೋಗೋಕೆ ಒಳ್ಳೆಯತನ ಸಾಕಾಗಲ್ಲ. ಆಗದಿದ್ರೆ ಹೊರಗಿನ ಗಾಡಿಯಲ್ಲೇ ಇರು. ಅಲ್ಲೂ ಜನ ಬೇಕು."

ಜಯಶೀಲ ತಲೆ ಬಗ್ಗಿಸಿ ನಿಂತಳು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು, ಹೊರಗೆ.

ಇಫ್ಫತ್‌ಗೆ ತಡೆಯಲಾಗಲಿಲ್ಲ. "ಸರ್, ಫೇಲಾಗಿದ್ದು ಇವರಲ್ಲ, ನನ್ನ ಬಸವ. ಅದಕ್ಕೆ ಮನೆ ಗೊತ್ತಿಲ್ಲ. ಭಾನುವಾರ ಇವರ ಮನೆಗೆ ಕರ್ಕೊಂಡು ಹೋಗ್ತೀನಿ. ಜನ ಏನಂತಾರೆ, ಅಂದ ಮೇಲೆ ಏನು ಮಾಡ್ತಾರೆ, ಎರಡನ್ನೂ ಜೋಡಿಸಿ ತಾನೇ ಕಲಿಯುತ್ತೆ."

"ಕರ್ಕೊಂಡು ಹೋಗು. ಊಟಕ್ಕೂ ಅಲ್ಲೇ ಇರು," ಅಂದರು ಮೇಜರ್. ವ್ಯಂಗ್ಯವಾಗಿ ಅಂದದ್ದು. ಇಫ್ಫತ್ ಹಾಗೆಯೇ ಮಾಡಿದಳು.

ದೇವೀರಮ್ಮ ಬಾಗಿಲಲ್ಲಿ ಬಸವನ ಕಾಲಿಗೆ ನೀರು ಹಾಕಿ ಒಳಗೆ ಕರೆದರು. ಹಣೆಗೆ ಅರಿಸಿನ ಕುಂಕುಮ ಧಾರಾಳವಾಗಿ ಬಳಿದರು. ಕ್ಯಾಮೆರಾ ಇದ್ದದ್ದೇ ಅಲ್ಲಿ. ಮಧ್ಯಾಹ್ನದ ತನಕ ಬಸವನಿಗೆ ಲೋಕವೆಲ್ಲ ಕೆಂಪಾಗಿ ಕಂಡಿತು. ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಎಣ್ಣೆ ತುಂಬೈತೆ ಎಂದು ಅತ್ತೆ ಸಣ್ಣ ದನಿಯಲ್ಲಿ ಅಂದರೆ ಬೋರೇಶ ಅಂಗಡಿಗೆ ಹೋಗುತ್ತಿದ್ದ. ಕೊಡ ತುಂಬೈತೆ ಎಂದು ಚುಕ್ಕಿ ಕೂಗಿದರೆ ನಲ್ಲಿ ನಿಲ್ಲಿಸುತ್ತಿದ್ದರು. ಒಂದೇ ಮಾತು, ಎರಡು ದನಿ. ಬಸವ ತಲೆ ಆಡಿಸಿ ಆಡಿಸಿ ಕಲಿಯಿತು. ಇಫ್ಫತ್ ತನ್ನ ಪರದೆಯ ಮೇಲೆ ಅದನ್ನು ನೋಡಿ ಹಿಗ್ಗಿಹೋದಳು.

"ಅಜ್ಜಿ, ಬೆಲ್ಲ ಖಾಲಿ," ಅಂದಳು ಚುಕ್ಕಿ.

"ಬಿಡ್ತು ಅನ್ನು."

"ಬಿಡ್ತು."

ಆಮೇಲೆ ಬೆಲ್ಲ ಬಂತು. ಬಸವ ಇದಕ್ಕೂ ತಲೆ ಆಡಿಸಿತು. ಆ ಹೊತ್ತಿಗೆ ಇಫ್ಫತ್ ಎಲೆಯ ಮುಂದೆ ಕೂತಿದ್ದಳು, ದೇವೀರಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದರು. ಪರದೆಯನ್ನು ಯಾರೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಜಯಶೀಲ ರಕ್ಷಣಾ ಉಡುಪು ತೊಟ್ಟು ಪರೀಕ್ಷೆಗೆ ನಿಂತಿದ್ದಳು. ಸಿಪ್ಪೆಗೆ ಇನ್ನೂ ಬೆಂಕಿ ಹಾಕಿರಲಿಲ್ಲ, ಆದರೂ ಜನ ಕೆಮ್ಮುತ್ತಾ ಓಡಿಬರುತ್ತಿದ್ದರು. ರಸ್ತೆಯಾಚೆ ಬೆಲ್ಲ, ಹುಣಸೆಹಣ್ಣು ಇಡುವ ಒಂದು ಶೀತಲಗೃಹವಿತ್ತು. ಅಲ್ಲಿ ಅಮೋನಿಯಾ ಕೊಳವೆ ಒಡೆದಿತ್ತು. ಜವರ ಎಂಬ ಕೆಲಸಗಾರನ ಕಾಲ ಮೇಲೆ ಪೈಪು ಬಿದ್ದು ಅವನು ಒಳಗೇ ಸಿಕ್ಕಿಕೊಂಡಿದ್ದ. ಅಗ್ನಿಶಾಮಕ ದಳ ಪಟ್ಟಣದಿಂದ ಬರಬೇಕು. ಒಳಗೆ ಹೋಗುವ ಅರ್ಹತೆ ಅಲ್ಲಿದ್ದವರಲ್ಲಿ ಒಬ್ಬರಿಗೇ ಇತ್ತು. ಮೇಜರ್ ಮುಖವಾಡ ಬಿಗಿದುಕೊಂಡು, ಬಸವನನ್ನು ಕರೆದುಕೊಂಡು ಬಿಳಿಯ ಹೊಗೆಯೊಳಗೆ ನಡೆದರು.

ತಗಡಿನ ದಪ್ಪ ಗೋಡೆಗಳ ಒಳಗೆ ರೇಡಿಯೋ ಕೆಲಸ ಮಾಡುವುದಿಲ್ಲ. ಬಸವನ ಬಾಲದಿಂದ ಹೊರಗಿನ ವ್ಯಾನಿಗೆ ಒಂದು ತಂತಿ ಹರಿದಿತ್ತು. ಅದರ ತುದಿಯ ಸ್ಪೀಕರಿನ ಮುಂದೆ ಇಫ್ಫತ್, ಸಿದ್ದಪ್ಪಾಜಿ, ಜಯಶೀಲ ಕೂತರು. ಮೇಜರ್ ಮಾತು ಒಡೆದೊಡೆದು ಬಂತು. ಜವರನಿಗೆ ಪ್ರಜ್ಞೆ ಇದೆ. ಅವನಿಗೆ ಮುಖವಾಡ ಹಾಕಿದ್ದೇನೆ. ಪೈಪಿನ ಒಂದು ತುದಿ ಬಸವನ ತೋಳಿನಲ್ಲಿದೆ, ಇನ್ನೊಂದು ನನ್ನ ಹೆಗಲ ಮೇಲಿದೆ. ಕೈ ಬಿಡುವ ಹಾಗಿಲ್ಲ. ಇವನ ತುಟಿ ಕಪ್ಪಾಗುತ್ತಿದೆ.

"ಬಸವ, ಸಿಲಿಂಡರ್ ಖಾಲಿ. ಬದಲಾಯಿಸು."

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಬಸವನ ತಣ್ಣನೆಯ, ಮರ್ಯಾದೆಯ ದನಿ.

"ಬಿಡ್ತು ಅನ್ನಿ, ಸಾರ್."

"ಏನು?"

"ಬಿಡ್ತು ಅನ್ನಿ."

ಜಯಶೀಲ ಸೆರಗು ಹುಡುಕಿದಳು. ಉಡುಪಿನಲ್ಲಿ ಸೆರಗಿರಲಿಲ್ಲ, ಬಾಯಿಗೆ ಕೈಯನ್ನೇ ಅಡ್ಡ ಹಿಡಿದಳು.

"ಸರ್, ಅದು ಖಾಲಿ ಅಂದ್ರೆ ಅಪಶಕುನ ಅಂತ ಕಲಿತ್ಬಿಟ್ಟಿದೆ," ಇಫ್ಫತ್ ತಂತಿಯಲ್ಲಿ ಕೂಗಿದಳು. "ಬಿಡ್ತು ಅಂದ್ಬಿಡಿ, ಬದಲಾಯಿಸುತ್ತೆ."

"ಹೋದ ವಾರ ಬಿಡ್ತು ಅಂದಿದ್ದಕ್ಕೆ ಏನು ಮಾಡಿತ್ತು ಗೊತ್ತಲ್ಲ. ಈಗ ಪೈಪಿನ ತುದಿ ಅದರ ಕೈಯಲ್ಲಿದೆ. ಬಿಟ್ಟರೆ ಇವನ ಕಾಲು ಹೋಯ್ತು. ಬಿಡೋದಿಲ್ಲ ಅಂತ ಖಾತ್ರಿಯಾಗಿ ಹೇಳ್ತೀಯಾ?"

"ಬಿಡೋದಿಲ್ಲ ಅನ್ಸುತ್ತೆ ಸರ್."

"ಅನ್ಸುತ್ತೆ?"

ಜಯಶೀಲ ಮೈಕಿನ ಕಡೆಗೆ ಬಗ್ಗಿದಳು. "ಸಾರ್, ತುಂಬೈತೆ ಅನ್ನಿ. ಆ ಮಾತು ಗೊತ್ತು ಅದುಕ್ಕೆ."

ಮೇಜರ್ ಜನ್ಮದಲ್ಲಿ ಮೊದಲ ಸಲ ಸುಳ್ಳು ವರದಿ ಕೊಡುವವರಂತೆ ತಡೆದರು. ನಂತರ ಕವಾಯತಿನ ದನಿಯಲ್ಲಿ, "ಸಿಲಿಂಡರ್ ತುಂಬಿದೆ," ಎಂದು ಗುಡುಗಿದರು.

"ಸಂತೋಷ, ಸಾರ್," ಅಂದಿತು ಬಸವ.

"ಸಣ್ಣ ದನೀಲಿ ಸಾರ್, ಸಂಕ್ಟದಲ್ಲಿ," ಅಂದ ಸಿದ್ದಪ್ಪಾಜಿ. ಮೇಜರ್ ಮತ್ತೆ ಪ್ರಯತ್ನಿಸಿದರು. ಮೂವತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ಅದು, ಹೆಗಲ ಮೇಲೆ ಪೈಪು ಬೇರೆ. ಸಂಕಟವೂ ಆಜ್ಞೆಯಾಗಿಯೇ ಹೊರಬಂತು. ಬಸವ ಮತ್ತೊಮ್ಮೆ ಸಂತೋಷಪಟ್ಟಿತು.

ಜವರನ ಉಸಿರು ಹರಕು ಬಟ್ಟೆ ಎಳೆದಂತೆ ಕೇಳುತ್ತಿತ್ತು.

"ಜಯಶೀಲಾನ ಕಳಿಸಿ," ಅಂದರು ಮೇಜರ್.

"ಸರ್, ಅವರು ಪಾಸಾಗಿಲ್ಲ," ಅಂದಳು ಇಫ್ಫತ್. ನಿಯಮ ಅವಳ ಬಾಯಿಯಿಂದ ತಾನಾಗಿ ಬಂತು.

"ಗೊತ್ತು. ಫೇಲ್ ಮಾಡಿದ್ದು ನಾನೇ. ಕಳಿಸಿ."

ಕಳಿಸಲು ಅಲ್ಲಿ ಜಯಶೀಲ ಇರಲಿಲ್ಲ. ಮುಖವಾಡದ ಪಟ್ಟಿ ಎಳೆದುಕೊಳ್ಳುತ್ತಾ ತಂತಿಯ ಜಾಡು ಹಿಡಿದು ಅವಳು ಆಗಲೇ ಬಾಗಿಲು ದಾಟಿದ್ದಳು.

ಒಳಗೆ ಹಾಲಿನಲ್ಲಿ ಮುಳುಗಿದ ಹಾಗೆ ಬಿಳುಪು. ಮೊಣಕಾಲೂರಿ ಜವರನ ಮುಖ ನೋಡಿದಳು. ನಡುವಯಸ್ಸಿನ ಗಂಡಸು, ಕಣ್ಣು ತೇಲುತ್ತಿತ್ತು. ಅವಳು ದನಿ ಹುಡುಕಬೇಕಾಗಲಿಲ್ಲ. ಡಬ್ಬಿಯ ತಳದಲ್ಲಿ ಒಂದು ಹಿಡಿಯೂ ಸಿಗದೆ, ಎದುರಿಗೆ ಹಸಿದ ಮಗು ಕೂತಿದ್ದರೆ ಬರುವ ದನಿಯೇ ಬಂತು.

"ಬಸವಾ, ತುಂಬೈತೆ ಕಣಪ್ಪ."

ಬಸವ ತಲೆ ಆಡಿಸಿತು. ಹೊಟ್ಟೆಯೊಳಗೆ ಬೀಗ ಕ್ಲಿಕ್ ಎಂದಿತು, ಹೊಸ ಸಿಲಿಂಡರಿನ ಗಾಳಿ ಸುಯ್ಯೆಂದು ಹರಿಯಿತು. ಅವಳು ಜವರನ ಗದ್ದ ಎತ್ತಿ ಹಿಡಿದು ಕಾದಳು. ತುಟಿಗೆ ಬಣ್ಣ ತಿರುಗಿತು.

"ಈಗ ಮೇಲಕ್ಕೆತ್ತು," ಅಂದಳು. ಆ ಮಾತಿಗೆ ಯಾರ ಮನೆಯಲ್ಲೂ ಬೇರೆ ಅರ್ಥವಿಲ್ಲ. ಪೈಪು ಮೇಲೆದ್ದಿತು, ಮೇಜರ್ ಹೆಗಲು ಕೊಟ್ಟರು, ಅವಳು ಜವರನ ಕಂಕುಳಿಗೆ ಕೈಹಾಕಿ ಎಳೆದಳು. ಆ ಎಳೆದಾಟದಲ್ಲಿ ಮೇಜರ್ ಮುಖವಾಡ ಪೈಪಿಗೆ ತಾಗಿ ಜರುಗಿತು. ಅವರು ಕಣ್ಣು ಮುಚ್ಚಿ, ಬಸವನ ಬೆನ್ನು ಹಿಡಿದು ಹೊರಗೆ ಬಂದರು.

ಹೊರಗಿನ ನೀರಿನ ತೊಟ್ಟಿಯ ಪಕ್ಕ ಜಯಶೀಲ ಅವರನ್ನು ಕೂರಿಸಿ, ತಲೆಯನ್ನು ಹಿಂದಕ್ಕೆ ಬಗ್ಗಿಸಿ, ಎಣ್ಣೆ ಸ್ನಾನದ ದಿನ ಚುಕ್ಕಿಯನ್ನು ಹಿಡಿಯುವ ಹಾಗೆ ಹಿಡಿದಳು. ಚೆಂಬಿನಿಂದ ನೀರು ಸುರಿದಳು.

"ಕಣ್ಣು ಬಿಡಿ ಸಾರ್."

"ಬಿಟ್ರೆ ಉರಿಯುತ್ತೆ."

"ಉರಿಯುತ್ತೆ. ಬಿಡಿ."

ಮೇಜರ್ ಬಿಟ್ಟರು, ನರಳಿದರು, ಮತ್ತೆ ಮುಚ್ಚಿದರು, ಬೈಸಿಕೊಂಡು ಮತ್ತೆ ಬಿಟ್ಟರು. ಪಕ್ಕದ ಸ್ಟ್ರೆಚರಿನಲ್ಲಿ ಜವರ ಮುಖವಾಡ ಸರಿಸಿ ಏನೋ ಗೊಣಗಿದ. ಸಿದ್ದಪ್ಪಾಜಿ ಬಗ್ಗಿ ಕಿವಿಗೊಟ್ಟ.

"ಚಪ್ಲಿ ಒಳಗೇ ಉಳೀತಂತೆ."

"ಕಾಲು ಬಂದೈತೆ, ಸಾಕು ಅನ್ನು," ಅಂದಳು ಜಯಶೀಲ.

"ಅದಲ್ಲ," ಅಂದ ಜವರ, ಈಗ ಗಟ್ಟಿಯಾಗಿ. "ಹಿಂದ್ಗಡೆ ರೂಮಲ್ಲಿ ಚೌಡಮ್ಮ ಹುಣಸೆ ಬಿಡಿಸ್ತಿದ್ಲು. ಆಚೆಗೆ ಬಂದ್ಲಾ?"

ಹೊರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಚೌಡಮ್ಮನನ್ನು ಯಾರೂ ನೋಡಿರಲಿಲ್ಲ.

ಮೇಜರ್‌ಗೆ ಇದಾವುದೂ ಕೇಳಿಸಲಿಲ್ಲ, ಕಿವಿಯಲ್ಲೂ ನೀರು. ತಲೆಯ ಮೇಲೆ ಚೆಂಬು ಚೆಂಬಾಗಿ ಸುರಿಯುತ್ತಿದ್ದ ನೀರು ನಡುವೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಅಷ್ಟೆ ಅವರಿಗೆ ಗೊತ್ತಾದದ್ದು. ಕಣ್ಣು ಮುಚ್ಚಿಕೊಂಡೇ ಮಾತು ಜೋಡಿಸುತ್ತಿದ್ದರು. ಇಂಥ ಮಾತು ಅವರಿಗೆ ಅಭ್ಯಾಸವಿರಲಿಲ್ಲ.

"ಇವತ್ತು ನಿನ್ನ ಪರೀಕ್ಷೆ ಇತ್ತು. ನಡೆಸೋಕೆ ಆಗಲಿಲ್ಲ. ನಾಳೆ ನಡೆಸೋಣ ಅಂದ್ಕೊಂಡೆ. ಆಮೇಲೆ ಯೋಚನೆ ಮಾಡಿದೆ, ಅದರ ಅಗತ್ಯ ಇಲ್ಲ. ಇವತ್ತಿನಿಂದ ನೀನು ಒಳಗೆ ಹೋಗಬಹುದು. ನಾನೇ ಸಹಿ ಹಾಕ್ತೀನಿ. ಕೇಳಿಸ್ತಾ?"

ವ್ಯಾನಿನ ಸ್ಪೀಕರಿನಲ್ಲಿ ಮುದುಕಿಯೊಬ್ಬಳು ಕೆಮ್ಮುತ್ತಾ, "ನಡೀತೀನಿ ಬಿಡವ್ವ, ನಿನ್ ಬಸವನ್ನ ನೆಚ್ಕೊಂಡು ಯಾರ್ ಹತ್ತಾರು," ಎಂದು ಜಗಳ ತೆಗೆಯುತ್ತಿರುವುದು ಕೇಳಿತು.

"ಕೇಳಿಸ್ತು ಸಾರ್, ದೊಡ್ ಮನಸು ನಿಮ್ದು," ಅಂದ ಸಿದ್ದಪ್ಪಾಜಿ, ಚೆಂಬು ತುಂಬಿಸಿಕೊಳ್ಳುತ್ತಾ. "ಆದ್ರೆ ನಾನು ಸಿದ್ದಪ್ಪಾಜಿ. ಆಯಮ್ಮ ಆಗ್ಲೇ ಒಳಕ್ಕೋಗವ್ಳೆ. ಮೇಲಕ್ ನೋಡಿ ಸಾರ್, ಇನ್ನೊಂದು ಚೆಂಬೈತೆ."